ಗರಿಯ ನೊಣ, ನಿಂತ ನೀರು

ಜಮಖಂಡಿಯ ಶಾಲೆಯೊಂದರಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಮೈದಾನ, ಒಂಬತ್ತಕ್ಕೆ ರೊಟ್ಟಿ. ಮೀನು ಹಿಡಿಯುವ ಹವ್ಯಾಸವನ್ನೂ ಇದೇ ಶಿಸ್ತಿಗೆ ಒಳಪಡಿಸಿದ್ದೆ. ಮಳೆಗಾಲ ಮುಗಿದು ಕೃಷ್ಣೆಯ ಕೆಂಪು ಇಳಿಯತೊಡಗಿದಾಗಿನಿಂದ ಸಂಕ್ರಾಂತಿಯವರೆಗೆ ಪ್ರತಿ ರವಿವಾರ ಮೊದಲ ಬಸ್ಸಿಗೆ ಹೊಳೆದಂಡೆಯ ಗಲಗಲಿಗೆ ಹೋಗುತ್ತಿದ್ದೆ. ಹನ್ನೊಂದಕ್ಕೆ ಗಾಳ ಸುತ್ತಿಡುತ್ತಿದ್ದೆ. ಮೀನು ಕಚ್ಚಲಿ, ಬಿಡಲಿ, ಹನ್ನೊಂದೆಂದರೆ ಹನ್ನೊಂದು.

ನಾನು ಎರೆಹುಳು ಹಾಕಿ ಹಿಡಿಯುತ್ತಿರಲಿಲ್ಲ. ನೀರಾವರಿ ಇಲಾಖೆಯ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಗಾಳದ ಕೋಲನ್ನೂ ಒಂದು ತಗಡಿನ ಡಬ್ಬಿಯನ್ನೂ ನನಗೆ ಕೊಟ್ಟಿದ್ದರು. ಡಬ್ಬಿಯಲ್ಲಿ ನೊಣಗಳಿದ್ದವು. ಕೊಕ್ಕೆಗೆ ಹಕ್ಕಿಯ ಗರಿ ಇಟ್ಟು, ದಾರ ಸುತ್ತಿ, ಹುಳದ ರೂಪ ಕೊಟ್ಟವು. ಅದನ್ನು ಹರಿಯುವ ನೀರಿಗೆ ಅಡ್ಡಲಾಗಿ ಎಸೆಯಬೇಕು. ಸೆಳವು ಅದನ್ನು ಕಮಾನಿನ ಹಾಗೆ ಬಾಗಿಸಿ ದಂಡೆಯ ಕಡೆ ತರುತ್ತದೆ. ಆ ತಿರುವಿನ ಕೊನೆಯಲ್ಲಿ ಮಹಶೀರ್ ಮೀನು ಬಂದು ಹೊಡೆಯುತ್ತದೆ. ಆಗ ಮೊಣಕೈವರೆಗೆ ಬರುವ ಜಗ್ಗನ್ನು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಎಂಜಿನಿಯರರ ನೊಣಗಳು ಒಂದೇ ವರ್ಷದಲ್ಲಿ ಹರಿದುಹೋದವು. ಆಮೇಲೆ ಕಟ್ಟಿಕೊಟ್ಟವರು ಬನಹಟ್ಟಿಯ ಒಬ್ಬ ನೇಕಾರರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಹಾಗೆ ಬೆಳೆದ ಗೆಳೆತನ. ಮಗ ಪವರ್‌ಲೂಮ್ ಹಾಕಿದ್ದರೂ ಅವರು ಮಾತ್ರ ಒಂದು ಕೈಮಗ್ಗ ಉಳಿಸಿಕೊಂಡು ರೇಷ್ಮೆ ಅಂಚಿನ ಸೀರೆ ನೇಯುತ್ತಿದ್ದರು. ಹರಿದ ನೊಣವೊಂದನ್ನು ಬೆರಳ ತುದಿಯಲ್ಲಿ ಬಿಚ್ಚಿ ನೋಡಿ, ಅರ್ಧ ತಾಸಿನಲ್ಲಿ ಅದಕ್ಕಿಂತ ಛಲೋದನ್ನು ಕಟ್ಟಿದರು. ಅವರು ಲಿಂಗ ಧರಿಸಿದವರು, ಮೀನು ತಿನ್ನುವವರಲ್ಲ. ಹಿಡಿದದ್ದನ್ನು ತಿರುಗಿ ನೀರಿಗೆ ಬಿಡಬೇಕೆಂಬುದೊಂದೇ ಅವರ ಕರಾರು. ನಾನು ಒಪ್ಪಿದೆ. ರವಿವಾರ ಅವರೂ ಗಲಗಲಿಗೆ ಬಂದು ಬಂಡೆಯ ಮೇಲೆ ಕುಳಿತು ನೊಣ ಕಟ್ಟುತ್ತಿದ್ದರು.

ನಮ್ಮನ್ನು ಆಚೆ ದಂಡೆಗೆ ದಾಟಿಸುವ ಅಂಬಿಗನಿಗೆ ಇದು ದೊಡ್ಡ ತಮಾಷೆ. ಒಮ್ಮೆ ಜರಿಯ ಎಳೆ ಸುತ್ತಿದ ನೊಣ ನೋಡಿ, “ಏನ್ರಿ ಮಾಸ್ತರ, ಮೀನ ಹಿಡದು, ಸೀರಿ ಉಡಿಸಿ, ತವರಿಗೆ ಕಳಸಾಕತ್ತೀರೇನು?” ಎಂದ.

“ಖಾಲಿ ಕೈಲೆ ಕಳಸಾಕ ಬರತೈತೇನೋ ಮಾರಾಯಾ,” ಎಂದು ನೇಕಾರ ಗೆಳೆಯರು ಕೊಕ್ಕೆಯಿಂದ ತಲೆಯೆತ್ತದೆ ಉತ್ತರಿಸಿದರು.

ಯಾವ ನೊಣ ಎಂದು ನಿರ್ಧರಿಸುವ ಕೆಲಸ ನನ್ನದು. ನೀರು ರಾಡಿಯಾಗಿದ್ದರೆ ಹುಂಜದ ಕಪ್ಪು ಗರಿಯ ದೊಡ್ಡದು, ಮಿನುಗಲು ಒಂದೆಳೆ ಜರಿ. ಅರೆ ತಿಳಿಯಾಗಿದ್ದರೆ ಕಂದು. ಪೂರ್ತಿ ತಿಳಿಯಾದರೆ ಜೋಳದ ಕಾಳಿನಷ್ಟು ಸಣ್ಣದು, ಮಾಸಲು ಬಣ್ಣದ್ದು. ಒಂದು ವಹಿಯಲ್ಲಿ ಕಾಲಂ ಎಳೆದು ವೇಳೆ, ಗಾಳಿ, ನೀರಿನ ಬಣ್ಣ, ನೊಣ, ಮೀನು ಎಂದು ಪ್ರತಿ ವಾರ ಬರೆಯುತ್ತಿದ್ದೆ. ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ಮೀನಿನ ಕಾಲಂ ಖಾಲಿ ಉಳಿದ ರವಿವಾರ ಒಂದೂ ಇಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದರು. ಹಿನ್ನೀರು ಗಲಗಲಿಗೂ ಏರಿತು. ನಾವು ನಿಲ್ಲುತ್ತಿದ್ದ ಬಂಡೆ ಮುಳುಗಿತು. ನಾನು ಹತ್ತು ಮಾರು ಮೇಲೆ ಹೊಸ ಜಾಗ ಗೊತ್ತು ಮಾಡಿ, ಎಂದಿನ ವೇಳೆಗೆ ಎಂದಿನಂತೆ ಎಸೆಯತೊಡಗಿದೆ. ಮೀನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಎರಡು ಹಂಗಾಮು ಹಾಗೆಯೇ ಹೋದವು.

ಒಂದು ಸಂಜೆ ವಹಿ ತೆಗೆದು ಸಾಲು ಸಾಲು ತಾಳೆ ನೋಡಿದೆ. ವೇಳೆ ಸರಿ. ಗಾಳಿ ಸರಿ. ನೀರಿನ ಬಣ್ಣಕ್ಕೆ ಆರಿಸಿದ ನೊಣವೂ ಸರಿ. ಉಳಿದದ್ದು ನೊಣ ಕಟ್ಟಿದ ಕೈ. ಮರು ರವಿವಾರ, ಅಂಬಿಗನ ಎದುರಿಗೇ, ಗೆಳೆಯರು ಕಟ್ಟಿದ ನೊಣವನ್ನು ಉಗುರಿನಿಂದ ಜಗ್ಗಿ ತೋರಿಸಿದೆ. ಒಂದು ಸುತ್ತು ಸರಿಯಿತು. ಜಗ್ಗಿದರೆ ಯಾರು ಕಟ್ಟಿದ್ದೂ ಒಂದು ಸುತ್ತು ಸರಿದೀತು.

“ನಿಮ್ಮ ಕಣ್ಣ ಮಂಜಾಗ್ಯಾವ್ರಿ,” ಎಂದೆ. “ಕೈನೂ ಸಡ್ಲಾಗೇತಿ. ಮೀನಿಗೆ ಗೊತ್ತಾಗತೈತಿ.”

ಅವರು ನೊಣವನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಗಿರಬಹುದು ಎಂದರು, ಅಷ್ಟೇ. ಮುಂದಿನ ರವಿವಾರ ಬರಲಿಲ್ಲ. ಮೈ ಸರಿಯಿಲ್ಲವೆಂದು ಮಗನ ಕೈಯಲ್ಲಿ ಹೇಳಿಕಳಿಸಿದರು. ತಪ್ಪು ತಿದ್ದಿಕೊಳ್ಳುವವರಿಗೆ ಸಮಯ ಬೇಕು ಎಂದು ನಾನು ಹೋಗಿ ವಿಚಾರಿಸಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವನ ಬುದ್ಧಿ ಅದು.

ಮರು ವರ್ಷ ಒಬ್ಬನೇ ದೋಣಿಯಲ್ಲಿ ಕುಳಿತು, ಮೀನು ಯಾಕೆ ಬರುತ್ತಿಲ್ಲವೋ ಎಂದು ನನ್ನಷ್ಟಕ್ಕೇ ಗೊಣಗಿಕೊಂಡೆ. ಅದು ಅಂಬಿಗನಿಗೆ ಕೇಳಿಸಿತು. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

“ಮಾಸ್ತರ, ಮೊದಲ ದೋಣಿ ಮೂತಿ ಮ್ಯಾಲಕ್ಕ ಹಿಡದು ಹೊಡೀತಿದ್ನಿ. ಇಲ್ಲಾಂದ್ರ ಸೆಳವು ಕೆಳಗ ಒಯ್ತಿತ್ತು. ಈಗ ಮೂರ ವರ್ಷಾತು, ನೆಟ್ಟಗ ಹೊಡೀತೀನಿ. ನೋಡ್ರಿ, ಹುಟ್ಟ ಬಿಟ್ಟೀನಿ, ದೋಣಿ ಎಲ್ಲೆರೆ ಹೊಂಟೈತೇನು? ಹೊಳಿ ಎಲ್ಲೈತ್ರಿ ಇಲ್ಲೆ? ಇದು ಕೆರಿ. ಹರಿಯೂ ನೀರಿನ ಮೀನ ಕೆರ‍್ಯಾಗ ಏನ ಮಾಡತಾವು?”

ದೋಣಿ ಇದ್ದಲ್ಲೇ ಇತ್ತು. ಮೂರು ವರ್ಷ ಅದೇ ದೋಣಿಯಲ್ಲಿ ಕುಳಿತು ದಾಟಿದವನು ನಾನು. ಮನೆಗೆ ಬಂದು ವಹಿ ತೆರೆದೆ. ಸೆಳವು ಎಂಬ ಕಾಲಮನ್ನೇ ನಾನು ಎಳೆದಿರಲಿಲ್ಲ. ಹೊಳೆ ಹರಿಯುತ್ತದೆಂಬುದನ್ನು ಯಾರಾದರೂ ಬರೆದಿಡುತ್ತಾರೆಯೇ?

ಮರುದಿನವೇ ಬನಹಟ್ಟಿಗೆ ಹೋದೆ. ಓಣಿಯುದ್ದಕ್ಕೂ ಪವರ್‌ಲೂಮಿನ ಸದ್ದು. ಕೈಮಗ್ಗದ ಕುಣಿಯನ್ನು, ನೇಕಾರ ಕಾಲು ಇಳಿಬಿಟ್ಟು ಕೂಡುವ ಆ ಗುಂಡಿಯನ್ನು, ಮುಚ್ಚಿ ಮೇಲೆ ಫರಸಿಕಲ್ಲು ಹಾಸಿದ್ದರು. ಗೆಳೆಯರು ಪಡಸಾಲೆಯಲ್ಲಿ ಚರಕ ತಿರುಗಿಸುತ್ತ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಮಗ್ಗಕ್ಕೆ ಕೂಡಲಾಗದ ಮುದುಕರಿಗೆ ಬಿಟ್ಟುಕೊಡುವ ಕೆಲಸ ಅದು. ಸೊಸೆ ಚಹಾ ತಂದಿಟ್ಟಳು. ನಾನು ಎಲ್ಲವನ್ನೂ ಹೇಳಿದೆ: ಹಿನ್ನೀರು, ದೋಣಿ, ವಹಿ. ತಪ್ಪು ನನ್ನದು, ನಿಮ್ಮ ಕೈ ಸರಿಯಾಗಿಯೇ ಇತ್ತು ಎಂದೆ. ಅವರು ಚರಕ ನಿಲ್ಲಿಸಿ ಕೇಳಿದರು.

“ಅವತ್ತ ಇತ್ತೋ ಏನೋ,” ಎಂದರು. “ಮನಿಗೆ ಬಂದು ಮಗ್ಗಕ್ಕ ಕುಂತೆ. ಅಂಚಿನ ಎಳಿ ಎಣಸಾಕ ಹತ್ತಿದ್ನಿ. ನಲವತ್ತ ವರ್ಷ ಎಣಿಸಿದ್ದಿಲ್ರಿ, ಕೈಗೇ ಗೊತ್ತಿತ್ತು. ಎಣಿಸಿದ ಕೂಡ್ಲೆ ತಪ್ಪಾತು. ಬಿಚ್ಚಿದೆ, ಮತ್ತ ಎಣಿಸಿದೆ. ಒಂದ ಸೀರಿ ಮೂರ ತಿಂಗಳಾದ್ರೂ ಮುಗೀಲಿಲ್ಲ. ಮಗ ಬ್ಯಾಡಪ್ಪಾ ಸಾಕು ಅಂದ.”

ನಾನು ಜೇಬಿನಿಂದ ಒಂದು ಕೊಕ್ಕೆ, ಒಂದು ಗರಿ ತೆಗೆದು ಮುಂದಿಟ್ಟೆ. ನನ್ನ ಸಲುವಾಗಿ ಒಂದು ಕಟ್ಟಿರೆಂದು ಕೇಳಿಕೊಂಡೆ. ಅವರು ಕಂಡಿಕೆಯಿಂದ ದಾರ ಹರಿದು ಸುತ್ತತೊಡಗಿದರು. ನಾಲ್ಕು ಸುತ್ತು ಹಾಕಿ, ಉಗುರಿನಿಂದ ಜಗ್ಗಿ ನೋಡಿ, ಬಿಚ್ಚಿದರು. ಮತ್ತೆ ನಾಲ್ಕು ಸುತ್ತಿದರು. ಬಾಗಿಲ ಬೆಳಕಿಗೆ ಹಿಡಿದು ಜಗ್ಗಿದರು. ಬಿಚ್ಚಿದರು. ಮೂರನೆಯ ಸಲವೂ ಅದೇ ಆಯಿತು. ದಾರ ಹಿಂಜಿ ಅರಳಿತು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅವರು ಹೊಸ ಎಳೆ ಹರಿದುಕೊಂಡು ಮತ್ತೆ ಮೊದಲಿನಿಂದ ಸುತ್ತತೊಡಗಿದರು. ಸುತ್ತು ಎಣಿಸುತ್ತ ತುಟಿ ಸಣ್ಣಗೆ ಅಲುಗುತ್ತಿತ್ತು.

ಬಸ್ಸಿನ ವೇಳೆಯಾಯಿತೆಂದು ಎದ್ದೆ. ಅವರು ಕೊಕ್ಕೆಯಿಂದ ಕಣ್ಣು ತೆಗೆಯದೆ, ಹೋಗಿ ಬರ್ರಿ ಎಂದರು. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು.