ಸಿನಿಮಾಕ್ಕೆಂದು ಅತ್ತೆ ಕೂದಲು ಬಿಟ್ಟದ್ದು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಮಡಿ ಹೆಂಗಸು. ಗಂಡ ಸತ್ತಾಗ ಇನ್ನೂ ಹುಡುಗಿ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅಪ್ಪನಿಗೆ ಯಶವಂತಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸವಾಗಿ ನಾವು ಧಾರವಾಡದ ಕಡೆಯಿಂದ ಆರ್.ಟಿ. ನಗರಕ್ಕೆ ಬಂದಾಗ, ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳೂ ಬಂದಳು. ಆಗ ಅಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿತ್ತಲಲ್ಲಿ ನಿಂತರೆ ಹೆಬ್ಬಾಳದ ಕಡೆಯ ದ್ರಾಕ್ಷಿ ಚಪ್ಪರಗಳು ಕಾಣುತ್ತಿದ್ದವು.

ಮನೆಯಲ್ಲಿ ಅವಳಿಗೆ ಇದ್ದದ್ದು ಒಂದೇ ಜಾಗ, ಒಲೆಯ ಮುಂದೆ. ನಮ್ಮಲ್ಲಿ ದಿನದ ಅಡುಗೆಯೇ ದೇವರ ನೈವೇದ್ಯ. ತಲೆ ತೆಗೆಸಿದ ಮಡಿ ಹೆಂಗಸು ಮಾಡಿದರೆ ಅದಕ್ಕೆ ಎದುರು ಮಾತಿಲ್ಲ. ನಮ್ಮ ಕಡೆಯವರ ಯಾವ ಮನೆಯಲ್ಲಿ ಶ್ರಾದ್ಧವಿದ್ದರೂ ಅವಳನ್ನು ಕರೆಯಲು ಬರುತ್ತಿದ್ದರು. "ನಿಮ್ಮ ಅಕ್ಕನ ಕೈಯಾಗ ಆದ್ರ ಪಿತೃಗಳಿಗೆ ನೆಟ್ಟಗ ಮುಟ್ತದ ನೋಡ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿ ಬಂದ ದಿನ ಅತ್ತೆಯ ನಡಿಗೆಯೇ ಬೇರೆ.

ಹೆಬ್ಬಾಳದ ಊರೊಳಗಿಂದ ಒಬ್ಬ ಮುದುಕ, ಕ್ಷೌರದವನು, ಆಗಾಗ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅತ್ತೆ ಹೋಗಿ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ನಮ್ಮನ್ನು ಯಾರೂ ಹಿತ್ತಲಿಗೆ ಬಿಡುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳುತ್ತಲೂ ಇರಲಿಲ್ಲ. ಅವ್ವ ನಮಗೆ ಏನಾದರೊಂದು ಕೆಲಸ ಹಚ್ಚುತ್ತಿದ್ದಳು, ಅಷ್ಟೆ.

ಆ ವರ್ಷಗಳಲ್ಲಿ ಒಂದು ವಾರಪತ್ರಿಕೆಯಲ್ಲಿ ನಮ್ಮ ಕಡೆಯವರೇ ಒಬ್ಬರು ಬರೆದ ಕಾದಂಬರಿ ಧಾರಾವಾಹಿಯಾಗಿ ಬರುತ್ತಿತ್ತು. ಮಧ್ಯಾಹ್ನ ಅತ್ತೆ ಹೂಬತ್ತಿ ಹೊಸೆಯುವಾಗ ನಾನು ಓದಿ ಹೇಳಬೇಕು. ಅದರಲ್ಲೊಬ್ಬಳು ಮಡಿ ಮುದುಕಿ. ಒಂದು ದಿನ ಅವಳು ಕ್ಷೌರದವನನ್ನು ವಾಪಸ್ಸು ಕಳಿಸುತ್ತಾಳೆ. ಬಿಳಿಕೂದಲು ಬೆಳೆಯುತ್ತದೆ, ಮನೆಯವರು ತಡೆದುಕೊಳ್ಳುವಷ್ಟು ದಿನ ತಡೆದುಕೊಂಡು ಕೊನೆಗೆ ಹಿಡಿದು ಕೂರಿಸಿ ಬೋಳಿಸುತ್ತಾರೆ. ಆ ವಾರದ ಸಂಚಿಕೆ ಓದಿ ಅಳದ ಮನೆಯಿಲ್ಲ. ಅಪ್ಪ ಬಸ್ಸಿನಲ್ಲೇ ಓದಿ, ಕಣ್ಣು ಒರೆಸಿಕೊಂಡು, ಇಳಿಯುವ ಸ್ಟಾಪ್ ತಪ್ಪಿಸಿಕೊಂಡು ನಡೆದು ಬಂದಿದ್ದರು. ಅತ್ತೆ ಮಾತ್ರ ಅಳಲಿಲ್ಲ. "ಇಷ್ಟೆಲ್ಲಾ ಆ ಗಂಡಸಿಗೆ ಹೆಂಗ ಗೊತ್ತಾತವಾ?" ಎಂದಳು. ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಅದೇ ಭಾಗ ಇನ್ನೊಮ್ಮೆ ಓದಿಸಿದಳು.

ಅದನ್ನು ಸಿನಿಮಾ ಮಾಡುತ್ತಾರೆಂಬ ಸುದ್ದಿ ಬಂದದ್ದೇ ತಡ, ಬೀದಿಯವರೆಲ್ಲ ನಿರ್ದೇಶಕರಾದರು. ಮಗನ ಪಾತ್ರಕ್ಕೆ ಯಾರು, ಸೊಸೆಗೆ ಯಾರು ಎಂದು ಹಾಲಿನ ಬೂತಿನ ಮುಂದೆ ಜಗಳವೇ ಆಗುತ್ತಿತ್ತು. ಮುದುಕಿಯ ಪಾತ್ರಕ್ಕೆ ಯಾರ ಹೆಸರು ಹೇಳಿದರೂ ಅಪ್ಪ ಒಪ್ಪುತ್ತಿರಲಿಲ್ಲ. "ಆಕಿನ್ನ ಹಾಕಿದ್ರ ಕಾದಂಬರಿ ಕೆಟ್ಟs ಹೋತು!"

ಅಪ್ಪನ ಆಫೀಸಿನ ಸ್ನೇಹಿತರೊಬ್ಬರು ನಿರ್ದೇಶಕರನ್ನು ಮನೆಗೆ ಕರೆತಂದರು. ನಮ್ಮ ಕಡೆಯ ಮಾತಿನ ಧಾಟಿ ಕೇಳಿಸಿಕೊಳ್ಳಬೇಕು ಎಂದು ಬಂದಿದ್ದರು. ಗಡ್ಡ, ಖಾದಿ ಜುಬ್ಬ, ಬಹಳ ಮೆತ್ತಗಿನ ಮಾತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯನ್ನು ಕಂಡವರು ಕಾಫಿ ಲೋಟ ಕೆಳಗಿಟ್ಟರು.

"ಅಮ್ಮಾ, ಆ ಪಾತ್ರಕ್ಕೆ ಜನ ನೋಡಿರೋ ಮುಖ ನಂಗೆ ಬೇಡ. ನೀವು ಮಾಡ್ತೀರಾ?"

ಅಪ್ಪ ಸಿಟ್ಟಾಗುತ್ತಾರೆಂದುಕೊಂಡೆ. ಅಪ್ಪ ಅಂದದ್ದು ಬೇರೆ: "ಇದು ಸಿನಿಮಾ ಅಲ್ಲಕ್ಕಾ, ಸಾಹಿತ್ಯ. ಮಾಡು."

ಬೋಳಿಸಲು ಕೂರಿಸುವ ಸನ್ನಿವೇಶವನ್ನೇ ಮಾಡಿ ತೋರಿಸಿ ಎಂದರು ನಿರ್ದೇಶಕರು. ಅತ್ತೆ ಸೆರಗು ಹಿಂದಕ್ಕೆ ಸರಿಸಿ, ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿದಳು.

"ಸ್ವಲ್ಪ ಅಳಿ ಅಮ್ಮಾ."

"ಅಳಬಾರದರೀ. ಅತ್ರ ತಲಿ ಅಲಗ್ತದ. ಕತ್ತಿ ತಾಗ್ತದ."

ನಿರ್ದೇಶಕರು ಸ್ನೇಹಿತರ ಕಡೆ ತಿರುಗಿ, "ಇವ್ರೇ ಕಣ್ರೀ, ಇನ್ ಯಾರನ್ನೂ ನೋಡೋದೇ ಬೇಡ" ಎಂದರು. ಆಮೇಲೆ ಅತ್ತೆಗೆ ಹೇಳಿದರು: "ಒಂದೇ ಒಂದು ಕೇಳ್ಕೊಳ್ಳೋದು ಅಮ್ಮಾ. ಇವತ್ತಿಂದ ಕೂದಲು ಬಿಡಿ. ಶೂಟಿಂಗ್ ಹೊತ್ತಿಗೆ ಒಂದು ಬೆರಳಷ್ಟಾದ್ರೂ ಬೇಕು."

ಕೂದಲು ಬಿಟ್ಟರೆ ಒಲೆ ಬಿಡಬೇಕು. ಅದು ಅವಳಿಗೂ ಗೊತ್ತು, ಅಪ್ಪನಿಗೂ ಗೊತ್ತು. ಅಪ್ಪ ದಾರಿ ಹುಡುಕಿದರು: ಸಿನಿಮಾ ಮುಗಿಯುವ ತನಕ ಅಡುಗೆ ಅವ್ವ ಮಾಡಲಿ, ಆ ಸನ್ನಿವೇಶದಲ್ಲಿ ಕೂದಲು ಹೆಂಗೂ ಹೋಗಿರುತ್ತದೆ, ಆಮೇಲೆ, ಒಂದು ಪ್ರಾಯಶ್ಚಿತ್ತ ಮಾಡಿಸಿದರೆ ಮುಗಿಯಿತು. "ಒಲಿ ಎಲ್ಲಿಗೆ ಓಡಿ ಹೋಗ್ತದ? ಬಂದು ಹಚ್ಚತೀನಿ" ಎಂದು ಅತ್ತೆ ನಕ್ಕಳು.

ಮುಂದಿನ ಸಲ ಬಂದ ಕ್ಷೌರದವನನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸಿದಳು.

"ಯಾಕ್ ಅಮ್ನೋರೇ, ಬೇರೆಯೋರ್ನ ಇಡ್ಕಂಡ್ರಾ?"

"ಇಲ್ಲಪಾ. ಸಿನಿಮಾದವರು ಬಿಡು ಅಂದಾರ."

"ಇಂಗೂ ಉಂಟಾ! ಅಂಗಾದ್ರೆ ನನ್ನೂ ಆಕ್ಕಂತಾರಾ ಒಂದ್ ಮಾತು ಕೇಳಿ. ಕತ್ತಿ ನಂದೇ ತತ್ತೀನಿ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೂದಲು ಬಂತು. ಮೊದಲು ಬೂದಿ ಹಚ್ಚಿದಂತೆ, ಆಮೇಲೆ ರವೆ ಚೆಲ್ಲಿದಂತೆ, ಆಮೇಲೆ ನಿಜವಾದ ಕೂದಲು. ಬೆಳ್ಳಗೆ, ಕತ್ತಿನ ಬಳಿ ಮಾತ್ರ ಸ್ವಲ್ಪ ಕಪ್ಪು. ಮಾತಾಡುತ್ತಾ ಮಾತಾಡುತ್ತಾ ಅವಳ ಕೈ ಸೆರಗಿನೊಳಗೆ ಹೋಗುತ್ತಿತ್ತು. ಒಂದು ದಿನ ನನ್ನ ಹತ್ತಿರ ಕೊಬ್ಬರಿಎಣ್ಣೆ ಕೇಳಿದಳು. ನಾನೇ ಹಚ್ಚಿದೆ. ಕಣ್ಣು ಮುಚ್ಚಿಕೊಂಡು, "ಎಣ್ಣಿ ಇಷ್ಟ ತಂಪs ಇರ್ತದೇನು?" ಎಂದು ಕೇಳಿದಳು. ಅಷ್ಟು ವರ್ಷ ಅಭ್ಯಂಜನಕ್ಕೆ ನಮ್ಮೆಲ್ಲರ ತಲೆಗೂ ಎಣ್ಣೆ ತಟ್ಟಿದವಳು ಅವಳೇ.

ಇತ್ತ ಶ್ರಾದ್ಧಕ್ಕೆ ಕರೆಯಲು ಬರುವವರು ನಿಂತರು. ಕೂದಲಿರುವ ವಿಧವೆಯ ಅಡುಗೆ ಯಾರಿಗೂ ಬೇಡ. ಯಶವಂತಪುರದ ಸಂತೆಯಲ್ಲಿ ನಮ್ಮ ಕಡೆಯ ಒಬ್ಬಾಕೆ ಅವ್ವನನ್ನು ತಡೆದು, "ಏನ್ರೀ, ನಿಮ್ಮ ಮನ್ಯಾಗ ಹೀರೋಯಿನ್ ಇದ್ದಾರಂತ? ನಮಗೂ ಒಂದೀಟು ದರ್ಶನ ಮಾಡಸ್ರೀ" ಎಂದಳಂತೆ. ಅವ್ವ ಬದನೆಕಾಯಿ ಆರಿಸುವುದನ್ನು ಅರ್ಧಕ್ಕೇ ಬಿಟ್ಟು ಬಂದಳು.

ಅಜ್ಜನ ಶ್ರಾದ್ಧ ಬಂತು, ಅಂದರೆ ಅತ್ತೆಯ ಸ್ವಂತ ತಂದೆಯದು. ಅಡುಗೆಗೆ ಹೊರಗಿನಿಂದ ಒಬ್ಬಾಕೆ ಬಂದರು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗಿನಿಂದ ವಾಸನೆ ಬಂದ ಕೂಡಲೇ, "ಎಳ್ಳು ಸಾಕು, ಇಳಸ್ರೀ, ಹೊತ್ತತದ" ಎಂದು ಕೂಗಿದಳು. ಒಳಗಿನಾಕೆ ಇಳಿಸಲಿಲ್ಲ. ಎಳ್ಳು ಹೊತ್ತಿತು.

ಶೂಟಿಂಗಿಗೆ ಬಾಗಲೂರಿನ ಹತ್ತಿರ ಒಂದು ಹಳೇ ಮನೆ ಹಿಡಿದಿದ್ದಾರೆ, ಶುರುವಾಗಿದೆ ಎಂದು ಗೊತ್ತಾದ ಮೇಲೂ ನಮ್ಮ ಮನೆಗೆ ಯಾರೂ ಬರಲಿಲ್ಲ. ಕೊನೆಗೆ ಬಂದ ದಿನ ನಿರ್ದೇಶಕರು ಕುರ್ಚಿಯ ತುದಿಯಲ್ಲಿ ಕೂತರು.

"ಏನ್ ಹೇಳ್ಲಿ ಸಾರ್, ಹಂಚಿಕೆದಾರರು ಒಪ್ಪಲಿಲ್ಲ. ಹೆಸರಿರೋರೇ ಬೇಕು ಅಂದ್ರು." ಒಬ್ಬ ಹಿರಿಯ ನಟಿಯನ್ನು ಹಾಕಿಕೊಂಡಿದ್ದರು. ಆಕೆ ತಲೆ ಬೋಳಿಸಿಕೊಳ್ಳಲು ಒಪ್ಪಲಿಲ್ಲ. ಮದ್ರಾಸಿನಿಂದ ರಬ್ಬರಿನ ಬೋಳುತಲೆ ಟೋಪಿ ತರಿಸಿದ್ದರು. "ಆದ್ರೆ ಕತ್ತಿ ಓಡೋ ಒಂದು ಶಾಟ್ ಇದೆಯಲ್ಲಾ, ಅದಕ್ಕೆ ನಿಜವಾದ ಕೂದಲೇ ಬೇಕು. ಅಮ್ಮ ಹೆಂಗೂ ಬಿಟ್ಟಿದ್ದಾರೆ…"

ಅತ್ತೆ ಬಾಗಿಲ ಹಿಂದೆಯೇ ಇದ್ದಳು. "ಮಾರಿ ಬ್ಯಾಡೇನು?"

"ಮುಖ ಬೇಡಮ್ಮಾ. ಹಿಂದಿನಿಂದ ತಗೋತೀವಿ. ಅವರು ಅಳೋದನ್ನ ಆಗಲೇ ತೆಗೆದಿದೀವಿ, ಜೋಡಿಸ್ಕೋತೀವಿ."

ಅಪ್ಪ ಸಮಾಧಾನದ ದನಿಯಲ್ಲಿ, "ಹೆಂಗೂ ತಗಸೂದs ಅದಲ್ಲಕ್ಕಾ. ಇಲ್ಲೆ ತಗಸೂ ಬದಲಿ ಅಲ್ಲೆ ತಗಸಿದ್ರಾತು" ಎಂದರು.

ಅತ್ತೆ ಅಪ್ಪನನ್ನೇ ನೋಡಿದಳು. "ಅಲ್ಲೂ ತಗಸೂದಿಲ್ಲ, ಇಲ್ಲೂ ತಗಸೂದಿಲ್ಲ."

ಅಪ್ಪ ಮೊದಲು ತಮಾಷೆ ಎಂದುಕೊಂಡರು. ನಿರ್ದೇಶಕರು ಹೋದ ಮೇಲೆ ರೇಗಿದರು. ಆಮೇಲೆ ಬೇಡಿಕೊಂಡರು: ಮಂದಿ ಏನಂತಾರ, ಮಠದವರಿಗೆ ಏನು ಹೇಳೂದು, ಒಲಿ ಬ್ಯಾಡೇನು ನಿನಗ. ಕ್ಷೌರದವನಿಗೆ ಹೇಳಿಕಳಿಸಿದರು. ಅವನು ಬಂದು ಹಿತ್ತಲ ಕಲ್ಲಿನ ಹತ್ತಿರ ಬಹಳ ಹೊತ್ತು ಕೂತು, ಬೀಡಿ ಸೇದಿ ಎದ್ದು ಹೋದ. ಅತ್ತೆ ಅವತ್ತು ಅಂದದ್ದು ಇಷ್ಟು: "ಹುಟ್ಟಿದಾಗಿನಿಂದ ನನಗ ಯಾರೂ ಬಿಡು ಅಂದಿದ್ದಿಲ್ಲ. ಅಂವ ಅಂದ. ಬಿಟ್ಟೆ. ಈಗ ತಗೀ ಅಂದ್ರ ಆಗೂದಿಲ್ಲ."

ಹಿಡಿದು ಕೂರಿಸುವ ಕಾಲ ಅದಾಗಿರಲಿಲ್ಲ. ಕೈ ಮುಟ್ಟದೆ ಮಾಡುವ ಕೆಲಸಗಳನ್ನು ನಮ್ಮ ಮನೆ ಚೆನ್ನಾಗಿ ಕಲಿತಿತ್ತು. ಅತ್ತೆಯ ತಟ್ಟೆ ಲೋಟ ಬೇರೆಯಾದವು. ಅಡುಗೆಮನೆಯ ಹೊಸ್ತಿಲು ಅವಳಿಗೆ ಮುಗಿಯಿತು. ಹೊರಗಿನ ಕೋಣೆಯಲ್ಲಿ ಒಂದು ಸೀಮೆಎಣ್ಣೆ ಸ್ಟವ್ ಇಟ್ಟುಕೊಟ್ಟರು. ಅದರ ಮೇಲೆ ತನಗೆ ಬೇಕಾದ್ದು ಮಾಡಿಕೊಳ್ಳುತ್ತಿದ್ದಳು. ನಾವು ಹುಡುಗರು ಅಪ್ಪ ಇಲ್ಲದಾಗ ಹೋಗಿ ತಿಂದು ಬರುತ್ತಿದ್ದೆವು. ಅಪ್ಪ ಅವಳ ಕೈಯಿಂದ ಒಂದು ಗುಟುಕು ನೀರನ್ನೂ ತೆಗೆದುಕೊಳ್ಳಲಿಲ್ಲ. ಮಾತು ಮಾತ್ರ ಬಿಡಲಿಲ್ಲ. ದಿನಾ ಸಂಜೆ ಅವಳ ಕೋಣೆಯ ಬಾಗಿಲಲ್ಲಿ ಕೂತು ಆಫೀಸಿನ ಸುದ್ದಿ ಹೇಳುತ್ತಿದ್ದರು. ಕೆಟ್ಟ ಮನುಷ್ಯರಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು.

ಸಿನಿಮಾ ಬಂದಾಗ ಅತ್ತೆಯೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಮ್ಯಾಟಿನಿಗೆ ಹೋದೆವು. ಚಿತ್ರ ಚೆನ್ನಾಗಿತ್ತು. ಆ ನಟಿ ಕೂರುವ ಸನ್ನಿವೇಶದಲ್ಲಿ ಭುಜ ಕುಲುಕಿಸಿ ಅತ್ತರು, ಥಿಯೇಟರೇ ಅತ್ತಿತು. ಅಪ್ಪ ಕರವಸ್ತ್ರ ತೆಗೆದರು. ವಾಪಸ್ಸು ಬರುವ ಬಸ್ಸಿನಲ್ಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ನಾವು ಬರುವ ಹೊತ್ತು ನೋಡಿ ಅತ್ತೆ ಸ್ಟವ್ ಹಚ್ಚಿ ಕಾಫಿ ಮಾಡಿಟ್ಟಿದ್ದಳು. ಅಪ್ಪನ ಕೆಂಪು ಕಣ್ಣು ನೋಡಿ ಒಂದು ಲೋಟ ತಂದು ಅವರ ಮುಂದೆ ಇಟ್ಟಳು.

"ಎಷ್ಟ ಕಾಡಿಬಿಟ್ರಕ್ಕಾ ಆ ಮುದುಕಿನ್ನ!" ಎಂದರು ಅಪ್ಪ. "ಒಬ್ಬರs ಒಬ್ಬರು ಆಕಿ ಬಾಜೂ ನಿಂದ್ರಲಿಲ್ಲ." ಹಾಗೆನ್ನುತ್ತಲೇ ಲೋಟವನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿ, ಒಳಗೆ ಕೂಗಿದರು: "ಏ, ನನಗಷ್ಟು ಕಾಫಿ ಮಾಡs."

ಅವ್ವ ಸೀರೆ ಬದಲಿಸಿ ಒಳಗೆ ಒಲೆ ಹಚ್ಚಿದಳು. ಅತ್ತೆ ಗೋಡೆಗೆ ಒರಗಿ ಕೂತಳು. ಕಾಫಿ ಬರುವವರೆಗೂ ಅಪ್ಪ ಅವಳಿಗೆ ಸಿನಿಮಾದ ಕಥೆ ಹೇಳಿದರು, ಮೊದಲಿನಿಂದ, ಒಂದೂ ಬಿಡದೆ. ಚೆನ್ನಾಗಿಯೇ ಹೇಳಿದರು.