ನೊಯೆಲಾಳ ಮೂರು ಕಿಲೋ

ಯಾವುದನ್ನೇ ಆಗಲಿ ತೂಗಿ ನೋಡದಿದ್ದರೆ ನೊಯೆಲಾ ಬರ್ತೂಗೆ ಸಮಾಧಾನವಿಲ್ಲ. ಜಿನೀವಾದ ಅಂಚಿನ ಪ್ರಯೋಗಾಲಯದಲ್ಲಿ ಪರಮಾಣುವಿಗಿಂತ ಚಿಕ್ಕ ಕಣಗಳನ್ನು ಹಿಡಿಯುವ ಯಂತ್ರಗಳನ್ನು ಜೋಡಿಸುತ್ತಾ ಮೂವತ್ತೊಂದು ವರ್ಷ ಕಳೆದವಳು. ಒಂದು ತಿರುಪನ್ನೂ ತಕ್ಕಡಿಗೆ ಹಾಕದೆ ಕೂರಿಸಿದವಳಲ್ಲ. ತೂಕವನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ವಿಜ್ಞಾನಿಗಳು ನಗುತ್ತಿದ್ದರು. ನಗಲಿ ಬಿಡಿ, ನಗುವುದಕ್ಕೆ ಅವರಿಗೂ ಏನಾದರೂ ಬೇಕಲ್ಲ.

ಅವಳು ಜೋಡಿಸಿದ್ದನ್ನೇ ಎಲ್ವಿಯೋ ಎಂಬ ಇಟಲಿಯ ವಿಜ್ಞಾನಿ ಕಂಪ್ಯೂಟರಿನೊಳಗೆ ಮತ್ತೊಮ್ಮೆ ಕಟ್ಟುತ್ತಿದ್ದ. ಸಾಫ್ಟ್‌ವೇರು ಆ ನಕಲಿನೊಳಗೆ ಲಕ್ಷಾಂತರ ಕಣಗಳನ್ನು ಹಾಯಿಸಿ, ಯಾವುದು ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತದೆ. ದಾರಿಯಲ್ಲಿ ವಸ್ತು ಹೆಚ್ಚಿದ್ದಷ್ಟೂ ಕಣಗಳು ಹೆಚ್ಚು ಚೆದುರುತ್ತವೆ; ನಕಲು ಅಸಲಿನಂತಿರದಿದ್ದರೆ ಅದು ಹೇಳುವುದೆಲ್ಲ ಬರೀ ಬುರುಡೆ.

ನೊಯೆಲಾ ನಿವೃತ್ತಳಾಗುವ ಮುನ್ನ ಜೋಡಿಸಿದ ಕೊನೆಯ ಯಂತ್ರವನ್ನು ಶುಕ್ರವಾರ ಮುಚ್ಚಬೇಕಿತ್ತು. ಮುಚ್ಚಿದ ಮೇಲೆ ಹತ್ತು ವರ್ಷ ಯಾರೂ ತೆರೆಯುವಂತಿಲ್ಲ. ಸೋಮವಾರ ತೂಗಿದರೆ ನಲವತ್ನಾಲ್ಕು ಕಿಲೋ ಬಂತು. ಎಲ್ವಿಯೋನ ನಕಲು ನಲವತ್ತೊಂದೇ. ಪರೀಕ್ಷೆಯಲ್ಲಿ ನಿಜವಾದ ಕಣಗಳು ನಕಲಿನವಕ್ಕಿಂತ ಹೆಚ್ಚು ಚೆದುರುತ್ತಿದ್ದವು; ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಆ ಮೂರು ಕಿಲೋ ಎಲ್ಲಿದೆ ಎಂದು ಈಗಲೇ ತಿಳಿಯದಿದ್ದರೆ ಹತ್ತು ವರ್ಷದ ಲೆಕ್ಕವೆಲ್ಲ ತಪ್ಪಾಗುತ್ತಿತ್ತು.

"ನಿಮ್ಮ ತಕ್ಕಡಿ ಕೆಟ್ಟಿರ್ಬೇಕು, ನೊಯೆಲಾ," ಎಂದ ಎಲ್ವಿಯೋ.

ಅವಳಿಗೆ ಮೈ ಉರಿಯಿತು. ಒಂದು ಕಿಲೋದ ಬಟ್ಟನ್ನು ತಕ್ಕಡಿಯ ಮೇಲಿಟ್ಟಳು. ಸರಿಯಾಗಿ ಒಂದು ಕಿಲೋ ತೋರಿಸಿತು.

"ನಿನ್ನ ನಕಲಲ್ಲಿ ಅಂಟು ಎಲ್ಲಿದೆ, ತೋರ್ಸು," ಎಂದಳು.

ಎಲ್ವಿಯೋ ಹುಡುಕಿದ. ಅಂಟು ಇರಲೇ ಇಲ್ಲ. ಅವನು ಕಟ್ಟಿದ್ದು ಎಂಜಿನಿಯರರ ನಕ್ಷೆ ನೋಡಿಕೊಂಡು. ಅಂಟನ್ನು ಯಾವ ಎಂಜಿನಿಯರ್ ತಾನೇ ನಕ್ಷೆಯಲ್ಲಿ ಬರೆಯುತ್ತಾನೆ? ತಂತಿಗಳೂ ಅಲ್ಲಿ ಗೆರೆ ಎಳೆದ ಹಾಗೆ ನೆಟ್ಟಗಿದ್ದವು. ನಿಜದಲ್ಲಿ ಅವನ್ನು ಉದ್ದ ಬಿಟ್ಟು, ಸುತ್ತಿ, ಸಂದಿಗೆ ತುರುಕಿದವಳು ಇವಳೇ.

ಎರಡು ದಿನ ಇಬ್ಬರೂ ಪಕ್ಕಪಕ್ಕ ಕೂತರು. ಅವಳು ಪುಸ್ತಕದಿಂದ ಅಂಟು, ತಂತಿಗಳ ತೂಕ ಓದುತ್ತಾ ಹೋದಳು, ಅವನು ನಕಲಿಗೆ ಸೇರಿಸುತ್ತಾ ಹೋದ. ಊಟಕ್ಕೂ ಏಳಲಿಲ್ಲ, ಕೂತಲ್ಲೇ ಬ್ರೆಡ್ಡು, ಗ್ರುಯೇರ್ ಚೀಸು. ಗುರುವಾರ ಮಧ್ಯಾಹ್ನ ಮತ್ತೆ ಕಣಗಳನ್ನು ಹಾಯಿಸಿದರು. ಪರದೆಯಲ್ಲಿ ನಕಲಿನ ಗೆರೆ ಪರೀಕ್ಷೆಯ ಚುಕ್ಕೆಗಳ ಮೇಲೇ ಬಂದು ಕೂತಿತು. ಇಷ್ಟು ವರ್ಷಗಳಲ್ಲಿ ಅವಳ ಪುಸ್ತಕ ಯಾರಿಗಾದರೂ ಬೇಕಾಗಿದ್ದು ಇದೇ ಮೊದಲು.

"ತಪ್ಪು ನಂದೇ," ಎಂದ ಎಲ್ವಿಯೋ. "ಇನ್ನು ಧೈರ್ಯವಾಗಿ ಮುಚ್ಚಬಹುದು."

ಅವಳು ಪರದೆಯ ಮೂಲೆಯಲ್ಲಿದ್ದ ನಕಲಿನ ತೂಕ ನೋಡಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಇನ್ನೂ ನೂರು ಗ್ರಾಂ ಕಮ್ಮಿ ಇದೆ. ಮುಚ್ಚೋದು ನಾಳೆ ತಾನೆ?"