ಸೊಂಟದೆತ್ತರದ ಬೇಲಿ

ಅಕ್ಕ ಬಿದ್ದ ದಿನ ನಾನು ಉದಕಮಂಡಲದಲ್ಲಿದ್ದೆ. ಆ ಬೆಳಗ್ಗೆ ನಡೆದದ್ದನ್ನು ನಾನು ಕಂಡಿಲ್ಲ; ಅವಳು ಹೇಳಿದ್ದು, ಭಾವ ಹೇಳಿದ್ದು ಎರಡನ್ನೂ ಹೊಂದಿಸಿ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಬಡಗ. ಇಲ್ಲಿ ಬರುವ ಮಾತುಗಳನ್ನು ಓದುವವರಿಗೆ ತಿಳಿಯುವಷ್ಟು ಮಾತ್ರ ತಿದ್ದಿದ್ದೇನೆ.

ಅವರ ಊರು, ನಮ್ಮ ಮಾತಿನಲ್ಲಿ ಹಟ್ಟಿ, ಇರುವುದು ಕೀಳ್ ಕೋತಗಿರಿಯ ಇಳಿಜಾರಿನಲ್ಲಿ. ಮನೆಯ ಹಿಂದೆಯೇ ಅಕ್ಕನ ಟೀ ತೋಟ. ಮನೆಗೂ ತೋಟಕ್ಕೂ ನಡುವೆ ಸೈಪ್ರೆಸ್ ಬೇಲಿ, ಆಳಿಗಿಂತ ಎತ್ತರ, ಗೋಡೆಯಷ್ಟು ದಟ್ಟ. ಮೂಲೆಯಲ್ಲಿ ಹೋಗಿಬರಲು ಒಂದು ಸಂದು. ಎಲೆ ಕೀಳಲು ಹೊರಟ ಅಕ್ಕ ಆ ಸಂದಿನಲ್ಲಿ ತಿರುಗಿದಾಗ ಎದುರಿಗೇ ಕಾಡೆಮ್ಮೆ ನಿಂತಿತ್ತು. ಅದೂ ಬೆಚ್ಚಿತು, ಇವಳೂ ಬೆಚ್ಚಿದಳು. ಅದು ತೋಟದೊಳಕ್ಕೆ ನುಗ್ಗಿ ಹೋಯಿತು. ಇವಳು ಹಿಂದಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಮೂಳೆ ಕೂಡಿತು. ಆದರೆ ಅಕ್ಕ ಮತ್ತೆ ತೋಟಕ್ಕೆ ಇಳಿಯಲಿಲ್ಲ. ಆಳುಗಳು ಕಿತ್ತು ತಂದ ಎಲೆಯನ್ನು ಅಂಗಳದಲ್ಲೇ ನಿಂತು ನೋಡುತ್ತಿದ್ದಳು. ಬಲಿತ ಎಲೆ ಬಂದರೆ ಬಯ್ಯುತ್ತಿದ್ದಳು, ಹೋಗಿ ತೋರಿಸುತ್ತಿರಲಿಲ್ಲ. ಕೊನೆಗೊಂದು ದಿನ ಫೋನು ಮಾಡಿ, ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುತ್ತೇನೆ ಎಂದಳು. ಮದುವೆಯಾಗಿ ಬಂದಾಗಿನಿಂದ ಅದು ಅವಳದೇ ತೋಟ. ಭಾವನಿಗೆ ಟೀ ಫ್ಯಾಕ್ಟರಿಯ ಕೆಲಸ. ಯಾವ ಸಾಲಿನಲ್ಲಿ ಯಾವ ಗಿಡ ಸೊರಗಿದೆ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಆ ಭಾನುವಾರ ನಾನು ಹೋದೆ. ಕಾಡೆಮ್ಮೆಯನ್ನು ತಡೆಯುವ ಬೇಲಿ ಸಿಕ್ಕಿದರೆ ಅಕ್ಕ ತೋಟಕ್ಕೆ ಇಳಿದಾಳು ಎಂಬುದು ನನ್ನ ಲೆಕ್ಕ. ಊಟ ಮುಗಿಸಿ ಅಂಗಳದಲ್ಲಿ ಕುಳಿತೆವು. ಪಕ್ಕದ ಮನೆಯ ಅಜ್ಜಿಯೂ ಬಂದರು. ನಮ್ಮಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ.

"ಜಕ್ಕಲ ನೆಡು," ಎಂದರು ಹೆತ್ತೆ. "ಅದರ ಮುಳ್ಳಿಗೆ ನನ್ನ ಮಾವನೇ ಹೆದರ್ತಿದ್ದ."

"ಹಣ್ಣಿಗೆ ಕರಡಿ ಬರ್ತದೆ ಹೆತ್ತೆ," ಎಂದ ಭಾವ. "ಈಗ ಎಮ್ಮೆ ಒಂದೇ. ಆಮೇಲೆ ಕರಡಿಗೂ ಕಾಫಿ ಇಡಬೇಕು."

"ಮುಳ್ಳುತಂತಿ?" ಎಂದೆ ನಾನು.

"ಕೆಳಗಿನ ಮನೆಯವರು ಹಾಕಿದ್ರು. ದಾಟುವಾಗ ಎಮ್ಮೆ ತಂತಿಯನ್ನೂ ಕಂಬವನ್ನೂ ಸೇರಿಸಿ ತಗೊಂಡು ಹೋಯ್ತು. ಕಂಬ ಇನ್ನೂ ಸಿಕ್ಕಿಲ್ಲೆ," ಎಂದ ಭಾವ.

ಲಂಟಾನ ಕಾಸಿಲ್ಲದೆ ಬೆಳೆಯುತ್ತದೆ, ಆದರೆ ಅದರೊಳಗೆ ಏನು ಬೇಕಾದರೂ ಅಡಗಬಹುದು. ಹೈಡ್ರೇಂಜಿಯಕ್ಕೆ ಹೂವಿದೆ, ಬಲವಿಲ್ಲ. ನಾನು ರೋಸ್‌ಮೇರಿ ಎಂದೆ. ಅದರ ವಾಸನೆಗೆ ಪ್ರಾಣಿಗಳು ಬಾಯಿ ಹಾಕುವುದಿಲ್ಲ ಎಂದು ಯಾರೋ ಹೇಳಿದ್ದು ಕೇಳಿದ್ದೆ. "ನೀ ಕಂಡಿದೆಯಾ?" ಎಂದು ಅಕ್ಕ ಕೇಳಿದಳು. ನಾನು ಕಂಡಿರಲಿಲ್ಲ. ಅಲ್ಲಿಗೆ ರೋಸ್‌ಮೇರಿಯ ಮಾತು ಮುಗಿಯಿತು.

ನಾನು ಆ ದಿನದ ವಿಷಯವನ್ನು ಮತ್ತೆ ಮೊದಲಿನಿಂದ ಕೇಳಿದೆ. ಸಂದಿಗೆ ಬರುವ ಮುಂಚೆ ಸದ್ದೇನಾದರೂ ಕೇಳಿತ್ತೇ? ಇಲ್ಲ. ಏನಾದರೂ ಕಂಡಿತ್ತೇ?

ಅಕ್ಕನಿಗೆ ಸಿಟ್ಟು ಬಂತು. "ಕಂಡಿದ್ರೆ ನಾ ಯಾಕೆ ಹೋಗ್ತಿದ್ದೆ? ಎಮ್ಮೆ ನಾ ಕಾಣದ್ದಾ? ಹುಟ್ಟಿದಾಗಿಂದ ಕಂಡಿದೇನೆ. ಅದು ಅಲ್ಲಿ ನಿಂತ್ರೆ ನಾ ಇಲ್ಲಿ ನಿಲ್ತೇನೆ. ಅದು ಹೋದ ಮೇಲೆ ನಾ ಹೋಗ್ತೇನೆ. ಅಷ್ಟೇ. ಅವತ್ತು ಕಾಣಲಿಲ್ಲೆ."

ಎಲ್ಲರೂ ಬೇಲಿಯ ಕಡೆ ನೋಡಿದೆವು, ಅಕ್ಕನೂ ಸೇರಿ. ಅದರಾಚೆಯ ತೋಟ ಕಾಣುತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಅವಳೇ ನೆಟ್ಟ ಬೇಲಿ ಅದು. ಉದ್ದ ಹಿಡಿಯ ಕತ್ತರಿ ಹಿಡಿದು, ಸ್ಟೂಲಿನ ಮೇಲೆ ನಿಂತು, ಮೇಲ್ಭಾಗವನ್ನು ಮೇಜಿನಂತೆ ಸಮ ಮಾಡುತ್ತಿದ್ದಳು. ಗಾಳಿಯಿಂದ ಮನೆಯನ್ನು ಕಾದದ್ದು ಅದೇ. ಹಟ್ಟಿಗೆ ಬಂದ ನೆಂಟರು ಅದನ್ನು ನೋಡಿ ಹೊಗಳದೆ ಹೋಗುತ್ತಿರಲಿಲ್ಲ.

"ಎನ್ನ ಬೇಲಿ ಕಡಿಯೋಕೆ ಬಂದೆಯಾ?" ಎಂದಳು ನನಗೆ.

"ನಾನು ಏನೂ ಹೇಳಲಿಲ್ಲ ಅಕ್ಕ."

"ನಿನ್ನ ಮುಖ ಹೇಳ್ತದೆ."

ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಕೇಳಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು, ಮಾತು ನಿಲ್ಲಿಸಿಯೇ ಇರಲಿಲ್ಲ ಎನ್ನುವಂತೆ ಮುಂದುವರಿಸಿದಳು: "ಕಡಿದ್ರೆ ಏನ ನೆಡೋದು? ಎನ್ನ ಸೊಂಟಕ್ಕಿಂತ ಮೇಲೆ ಹೋಗಬಾರದು. ಎಮ್ಮೆ ತಿನ್ನಬಾರದು. ಗಾಳಿಗೆ ಬೀಳಬಾರದು. ಕತ್ತರಿಸೋದು ಎನಗೆ ಗೊತ್ತಿರಬೇಕು. ಅಂಥ ಗಿಡ ಯಾವುದಿದೆ, ಹೇಳಿ ನೋಡುವ."

"ಮನೆ ಹಿಂದೆ ಗುಡ್ಡ ತುಂಬ ಅದೇ ಇದೆ," ಎಂದ ಭಾವ. "ಹೋಗಿ ನೋಡು."

ಅವನು ಆಡಿದ್ದು ತಮಾಷೆಗೆ. ಹೆತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅಕ್ಕ ನಗಲಿಲ್ಲ. ಟೀ ಗಿಡದ ಚಿಗುರನ್ನು ಕೀಳುತ್ತಾ ಹೋದರೆ ಅದು ಸೊಂಟದೆತ್ತರದಲ್ಲೇ ನಿಲ್ಲುತ್ತದೆ. ಕಾಡೆಮ್ಮೆ ಸಾಲುಗಳ ನಡುವಿನ ಹುಲ್ಲು ಮೇಯುತ್ತದೆ, ಟೀ ಎಲೆ ಮುಟ್ಟುವುದಿಲ್ಲ. ಇದೆಲ್ಲ ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಟೀ ನಮಗೆ ಬೆಳೆ. ಅದನ್ನು ಬೇಲಿಯೆಂದು ನಾವು ಯೋಚಿಸಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಸೈಪ್ರೆಸ್ ಕಡಿಸಿದರು. ಆ ದಿನ ಅಕ್ಕ ನಮ್ಮ ತಂಗಿಯ ಮನೆಗೆ ಹೋಗಿದ್ದಳಂತೆ. ಮನೆಯ ಮುಂದೆ ರಸ್ತೆಯ ಕಡೆ ಇದ್ದ ಸೈಪ್ರೆಸ್ ಸಾಲನ್ನು ಮಾತ್ರ ಉಳಿಸಿದ್ದರು. ಮಳೆ ಹಿಡಿದ ಮೇಲೆ, ಹಿಂದಿನ ಸಾಲಿದ್ದ ಜಾಗದಲ್ಲಿ ನರ್ಸರಿಯಿಂದ ತಂದ ಟೀ ಸಸಿಗಳನ್ನು ಎರಡು ಸಾಲಾಗಿ ಅಕ್ಕನೇ ನೆಟ್ಟಳು. ಹಟ್ಟಿಯ ಗಂಡಸರು ಭಾವನನ್ನು ಬಿಡಲಿಲ್ಲ. "ಬೇಲಿಗೆ ಟೀ ಹಾಕಿದ್ದೀರಂತೆ, ತೋಟಕ್ಕೆ ಏನು ಮುಳ್ಳು ಹಾಕ್ತೀರಾ?" ಎಂದು ಟೀ ಅಂಗಡಿಯಲ್ಲಿ ಕೇಳುತ್ತಿದ್ದರು. ಹಳೆಯ ಬೇರುಗಳಿದ್ದ ಕಡೆ ಕೆಲವು ಸಸಿಗಳು ಹಿಡಿಯಲಿಲ್ಲ. ಅಡುಗೆಮನೆಗೆ ಗಾಳಿ ನೇರ ನುಗ್ಗತೊಡಗಿತು; ಭಾವ ಊಟಕ್ಕೂ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದ. ಇವನ್ನೂ ಹೇಳಬೇಕು.

ಕಳೆದ ತಿಂಗಳು ಹೋದಾಗ ಸಸಿಗಳು ಮೊಣಕಾಲಿಗೂ ಬಂದಿರಲಿಲ್ಲ. ಬೆಳಗ್ಗೆ ಎದ್ದು ಹಿಂಬಾಗಿಲಿಗೆ ಬಂದೆ. ಅಕ್ಕ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಕೆಳಗೆ ಟೀ ಸಾಲುಗಳ ನಡುವೆ ಕಾಡೆಮ್ಮೆಯ ಕಪ್ಪು ಬೆನ್ನು ಕಾಣುತ್ತಿತ್ತು. ಅದು ತಲೆ ಎತ್ತಿ ಮನೆಯ ಕಡೆ ನೋಡಿತು.

"ಸಾಕು ಹೋಗು," ಎಂದಳು ಅಕ್ಕ ಮೆಲ್ಲಗೆ, ಮನೆಯವರಿಗೆ ಹೇಳುವಂತೆ. "ನಿನಗೆ ಫ್ಯಾಕ್ಟರಿಗೆ ಎಲೆ ಕಳಿಸೋದು ಇಲ್ಲೆ. ಎನಗೆ ಇದೆ."

ಅದು ಅವಸರ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಕಾಫಿ ಮುಗಿಯಿತು. ಕಾಡೆಮ್ಮೆ ಓರೆಯಾಗಿ ಹಳ್ಳದ ಕಡೆ ಇಳಿದು ಕಣ್ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಳು. ಲೋಟವನ್ನು ನನ್ನ ಕೈಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಸಸಿಗಳ ಸಾಲು ದಾಟಿ ಇಳಿದಳು. ಹಳ್ಳದ ಅಂಚಿನವರೆಗೂ ಅವಳ ತಲೆಬಟ್ಟೆ ಮನೆಯಿಂದ ಕಾಣುತ್ತಿತ್ತು.

ಅಲ್ಲಿಂದಲೇ ಕೂಗಿದಳು: "ತಮ್ಮಾ, ಮುಂದಿನ ಸಲ ಬರುವಾಗ ನರ್ಸರಿಯಿಂದ ಸಸಿ ತಾ. ಸತ್ತ ಕಡೆ ಹಾಕಬೇಕು. ಬೇರು ನೋಡಿ ತಾ, ಎಲೆ ನೋಡಿ ಮೋಸ ಹೋಗಬೇಡ."